ಕಾರು ನಿಂತ ಜಾಗದಲ್ಲಿ ಮನೆ: ಇಳಿಜಾರು, ಎತ್ತರ, ಉಪ್ಪು

ಪಾರ್ಕಿಂಗ್ ಕಟ್ಟಡವನ್ನು ಮನೆಗಳಾಗಿ ಬದಲಿಸುವ ಮಾತು ಬಂದ ಕೂಡಲೇ ಏಳುವ ಮೊದಲ ಪ್ರಶ್ನೆ ಭಾರದ್ದು. "ಅಷ್ಟೊಂದು ಕಾರು ಹೊತ್ತ ಕಟ್ಟಡ, ನಾಲ್ಕು ಜನ ಮತ್ತು ಒಂದು ಮಂಚವನ್ನು ಹೊರದೇ?" ಎಂದು ಕೇಳುತ್ತಾರೆ. ಹಾಗಾಗಿ ಮೊದಲು ಇದರ ಲೆಕ್ಕವನ್ನೇ ಮುಗಿಸೋಣ. ಕಟ್ಟಡ ಎಷ್ಟು ಭಾರ ಹೊರಬೇಕೆಂದು ಹೇಳುವ ನಮ್ಮ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ, 2.5 ಟನ್ ಮೀರದ ವಾಹನಗಳು ನಿಲ್ಲುವ ನೆಲವನ್ನು ಚದರ ಮೀಟರಿಗೆ 2.5 ಕಿಲೋನ್ಯೂಟನ್, ಅಂದರೆ ಸುಮಾರು 250 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡಬೇಕು. ವಾಸದ ಕೋಣೆಗೆ ಇದೇ ಲೆಕ್ಕ 200 ಕೆ.ಜಿ. ಅಮೆರಿಕದಲ್ಲಂತೂ ಎರಡಕ್ಕೂ ಒಂದೇ ಅಂಕಿ: ಚದರ ಅಡಿಗೆ 40 ಪೌಂಡ್, ನಮ್ಮ ಲೆಕ್ಕದಲ್ಲಿ ಚದರ ಮೀಟರಿಗೆ 195 ಕೆ.ಜಿ. ಇದರಲ್ಲಿ ಆಶ್ಚರ್ಯವೇನಿಲ್ಲ. ಒಂದೂವರೆ ಟನ್ನಿನ ಕಾರು 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಹಿಡಿಯುತ್ತದೆ. ಹಂಚಿ ನೋಡಿದರೆ ಚದರ ಮೀಟರಿಗೆ ಬರೀ 120 ಕೆ.ಜಿ.

ಅಂದರೆ ಜನರ ಮತ್ತು ಸಾಮಾನಿನ ಭಾರ ತೊಂದರೆ ಕೊಡುವುದಿಲ್ಲ. ತೊಂದರೆ ಬರುವುದು ಮನೆ ಎಂದ ಮೇಲೆ ನಾವು ಕಟ್ಟುವ ಗೋಡೆ, ಹಾಕುವ ನೆಲಹಾಸು, ತುಂಬುವ ಗಾರೆಯಿಂದ. ನೆಲ ಮಟ್ಟ ಮಾಡಲು ಹಾಸುವ 50 ಮಿ.ಮೀ. ದಪ್ಪದ ಗಾರೆಯ ಪದರ (ಸ್ಕ್ರೀಡ್) ಒಂದೇ ಚದರ ಮೀಟರಿಗೆ 120 ಕೆ.ಜಿ. ತೂಗುತ್ತದೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನು 2.6 ಮೀಟರ್ ಎತ್ತರಕ್ಕೆ ಎಬ್ಬಿಸಿ ಎರಡೂ ಕಡೆ ಪ್ಲಾಸ್ಟರ್ ಮಾಡಿದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಸುಮಾರು 700 ಕೆ.ಜಿ. ನಾಲ್ಕಿಂಚಿನ ಎಎಸಿ ಬ್ಲಾಕಿನದಾದರೆ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕು) ಪ್ಲಾಸ್ಟರ್ ಸೇರಿ ಸುಮಾರು 270. ಲೋಹದ ಚೌಕಟ್ಟಿಗೆ ಎರಡೂ ಕಡೆ ಎರಡೆರಡು ಪದರ ಜಿಪ್ಸಮ್ ಬೋರ್ಡ್ ಬಡಿದ ಗೋಡೆಯಾದರೆ ಸುಮಾರು 120. ಈ ಮೂರು ಅಂಕಿಗಳನ್ನು ಮುಂದಿಟ್ಟುಕೊಂಡರೆ ಇಟ್ಟಿಗೆಯ ಆಸೆ ಅಲ್ಲಿಗೇ ಬಿಡಬೇಕಾಗುತ್ತದೆ. ಇಂಥ ಕಟ್ಟಡದಲ್ಲಿ ಒಳಗೋಡೆ ಎಂದರೆ ಗಾರೆಯಿಲ್ಲದ ಈ ಬೋರ್ಡಿನ ಒಣ ಗೋಡೆಯೇ.

ಆದರೂ ಪಾರ್ಕಿಂಗ್ ಕಟ್ಟಡಗಳು ಮನೆಯಾಗದೆ ಉಳಿಯುವುದಕ್ಕೆ ಮುಖ್ಯ ಕಾರಣ ಭಾರವಲ್ಲ. ಕಾರಿಗೆ ಸಮತಟ್ಟಾದ ನೆಲ ಬೇಕಿಲ್ಲ, ತಲೆಯ ಮೇಲೆ ಎತ್ತರ ಬೇಕಿಲ್ಲ, ಕಿಟಕಿಯಾಗಲಿ ಬಚ್ಚಲಾಗಲಿ ಬೇಕಿಲ್ಲ. ಮನುಷ್ಯರಿಗೆ ಇವೆಲ್ಲವೂ ಬೇಕು. ಕಟ್ಟಡದ ನಕ್ಷೆ ಕೈಗೆ ಬಂದ ದಿನ ಎಷ್ಟು ಮನೆ ಹಿಡಿಸುತ್ತವೆ ಎಂದು ಪ್ಲ್ಯಾನ್ ಹಾಳೆಯ ಮೇಲೆ ಗೆರೆ ಎಳೆಯಲು ಕೂರಬೇಡಿ. ಅಡ್ಡಕೊಯ್ತದ ಹಾಳೆ, ಅಂದರೆ ಸೆಕ್ಷನ್ ಡ್ರಾಯಿಂಗ್ ತೆಗೆಯಿರಿ. ಹತ್ತರಲ್ಲಿ ಏಳೆಂಟು ಪ್ರಸ್ತಾಪಗಳ ಹಣೆಬರಹ ಅದೊಂದೇ ಹಾಳೆಯಲ್ಲಿ ತೀರ್ಮಾನವಾಗುತ್ತದೆ.

ಎತ್ತರದಿಂದ ಶುರು ಮಾಡೋಣ. ಅಮೆರಿಕದ ಬಹುಪಾಲು ರಾಜ್ಯಗಳು ಅನುಸರಿಸುವ ಕಟ್ಟಡ ಸಂಹಿತೆ ಕಾರು ಓಡಾಡುವ ಮಹಡಿಗೆ ಕೇಳುವುದು 7 ಅಡಿ, ಅಂದರೆ 2.13 ಮೀಟರ್ ಎತ್ತರ ಮಾತ್ರ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 2.75 ಮೀಟರ್ ಕೇಳುತ್ತದೆ. ಅಮೆರಿಕದಲ್ಲಿ ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಕೂರಿಸುವ 'ಡಬಲ್ ಟಿ' (ಎರಡು T ಅಕ್ಷರ ಜೋಡಿಸಿದಂಥ ಆಕಾರದ) ತೊಲೆಗಳ ಪಾರ್ಕಿಂಗ್ ಕಟ್ಟಡಗಳು ಬಹಳ. ಒಂದು ನೆಲದಿಂದ ಮುಂದಿನ ನೆಲಕ್ಕೆ 3.05 ಮೀಟರ್ ಎಂದಿಟ್ಟುಕೊಳ್ಳಿ. ಅದರಲ್ಲಿ 760 ಮಿ.ಮೀ. ತೊಲೆಗೆ ಹೋಯಿತು, 75 ಮಿ.ಮೀ. ಮೇಲ್ಪದರಕ್ಕೆ ಹೋಯಿತು, ಉಳಿದದ್ದು 2.2 ಮೀಟರ್ ಚಿಲ್ಲರೆ. ಪೈಪು ಹಾಯಿಸಲು ನೆಲವನ್ನು 200 ಮಿ.ಮೀ. ಎತ್ತಿದರೆ ತೊಲೆಯ ಕೆಳಗೆ 2 ಮೀಟರ್ ಮಾತ್ರ ಸಿಗುತ್ತದೆ. ಫ್ಯಾನ್ ಹಾಕುವ ಮಾತಿರಲಿ, ಎತ್ತರದ ಆಳು ಕೈ ಮೇಲೆತ್ತಿ ಅಂಗಿ ತೊಡುವುದೂ ಕಷ್ಟ.

ತೊಲೆಯಿಲ್ಲದ ಚಪ್ಪಟೆ ಸ್ಲ್ಯಾಬಿನ ಕಟ್ಟಡವಾದರೆ ಚಿತ್ರ ಬೇರೆ. ನೆಲದಿಂದ ನೆಲಕ್ಕೆ 2.9 ಮೀಟರ್ ಇದ್ದು ಸ್ಲ್ಯಾಬ್ 250 ಮಿ.ಮೀ. ಆದರೆ 2.65 ಉಳಿಯುತ್ತದೆ. ನೆಲ ಮತ್ತು ಚಾವಣಿಯ ಹೊದಿಕೆಗೆ 200 ಕಳೆದರೂ 2.45 ಮೀಟರ್ ಕೈಯಲ್ಲಿದೆ. ಯೂರೋಪು, ಅಮೆರಿಕದ ಹಲವೆಡೆ ಇದನ್ನು ಒಪ್ಪುತ್ತಾರೆ, ನಮ್ಮಲ್ಲಿ ಒಪ್ಪುವುದಿಲ್ಲ. "ಹಾಗಾದರೆ ಒಂದು ಬಿಟ್ಟು ಒಂದು ಮಹಡಿ ಒಡೆದು ತೆಗೆದರಾಯಿತು" ಎನ್ನುವವರಿದ್ದಾರೆ. ಕಾಗದದ ಮೇಲೆ ಅದು ಚಂದ. ಆದರೆ ಸ್ಲ್ಯಾಬ್ ಎನ್ನುವುದು ಕಂಬದ ನಡುಪಟ್ಟಿ. 400 ಮಿ.ಮೀ. ಅಗಲದ ಕಂಬಕ್ಕೆ 3 ಮೀಟರಿಗೊಮ್ಮೆ ಹಿಡಿತವಿದ್ದಾಗ ಉದ್ದ ಮತ್ತು ಅಗಲದ ಅನುಪಾತ 7.5. ಸ್ಲ್ಯಾಬ್ ತೆಗೆದ ದಿನ ಅದು 15 ಆಗುತ್ತದೆ. ಕಾಂಕ್ರೀಟ್ ವಿನ್ಯಾಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ 12 ದಾಟಿದ ಕಂಬ ನೀಳ ಕಂಬ, ಅದು ಬಾಗಿ ಸೋಲುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಆಗ ಕಂಬಗಳಿಗೆಲ್ಲ ಕಾಂಕ್ರೀಟ್ ಜಾಕೆಟ್ ತೊಡಿಸಬೇಕಾಗುತ್ತದೆ, ಖರ್ಚು ಹೊಸ ಕಟ್ಟಡದ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಇನ್ನು ಇಳಿಜಾರು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಕಷ್ಟದ ಸಂಗತಿ. ಪಾರ್ಕಿಂಗ್ ಕಟ್ಟಡಗಳಲ್ಲಿ ಎರಡು ಜಾತಿ. ಮಹಡಿಗಳು ಸಮತಟ್ಟಾಗಿದ್ದು ಏರುವ ದಾರಿ ಪ್ರತ್ಯೇಕವಾಗಿರುವುದು ಒಂದು. ಮಹಡಿಯೇ ರಾಂಪ್ ಆಗಿದ್ದು, ಅದರ ಮೇಲೆಯೇ ಕಾರು ನಿಲ್ಲಿಸುತ್ತ ಮೇಲೇರುವುದು ಇನ್ನೊಂದು. ಈ ಎರಡನೆಯ ಜಾತಿಯಲ್ಲಿ ಕಾರು ನಿಲ್ಲುವ ನೆಲ 15ಕ್ಕೆ 1ರವರೆಗೆ, ಅಂದರೆ ಶೇ. 6.67ರವರೆಗೆ ಇಳಿಜಾರಾಗಿರಬಹುದು. ಶೇ. 5ರಷ್ಟೇ ಇದೆ ಎಂದುಕೊಂಡರೂ 7 ಮೀಟರ್ ಉದ್ದದ ಮನೆಯ ಒಂದು ತುದಿಗೂ ಇನ್ನೊಂದಕ್ಕೂ 350 ಮಿ.ಮೀ. ವ್ಯತ್ಯಾಸ, ಎರಡು ಮೆಟ್ಟಿಲಿನಷ್ಟು. ಇದನ್ನು ಕಾಂಕ್ರೀಟ್ ತುಂಬಿ ಮಟ್ಟ ಮಾಡಿದರೆ ಸರಾಸರಿ ದಪ್ಪ 175 ಮಿ.ಮೀ., ತೂಕ ಚದರ ಮೀಟರಿಗೆ 420 ಕೆ.ಜಿ. ಆ ನೆಲ ಹೊರಲೆಂದು ಕಟ್ಟಿದ ಬಳಕೆಯ ಭಾರವೇ 250. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ.

ಆದ್ದರಿಂದ ತುಂಬಬೇಡಿ, ಎತ್ತಿ. ಎತ್ತರ ಹೊಂದಿಸಬಹುದಾದ ಉಕ್ಕಿನ ಕಾಲುಗಳ ಮೇಲೆ ಹಗುರ ಉಕ್ಕಿನ ಜಾಯಿಸ್ಟ್ (ಅಡ್ಡ ಪಟ್ಟಿ), ಅದರ ಮೇಲೆ ಸಿಮೆಂಟ್ ಬೋರ್ಡ್ ಹಾಕಿದರೆ ಕೆಳಗೆ ಉಳಿದ ಟೊಳ್ಳು ಪೈಪಿಗೂ ವೈರಿಗೂ ದಾರಿಯಾಗುತ್ತದೆ. ಇನ್ನೊಂದು ದಾರಿ ಥರ್ಮೊಕೋಲಿನ ಗಟ್ಟಿ ಬ್ಲಾಕುಗಳನ್ನು ಇಳಿಜಾರಿಗೆ ತಕ್ಕಂತೆ ಕತ್ತರಿಸಿ ಹಾಸಿ, ಮೇಲೆ 50 ಮಿ.ಮೀ. ಸ್ಕ್ರೀಡ್ ಹಾಕುವುದು. ಆಗ ಒಟ್ಟು ತೂಕ 125 ಕೆ.ಜಿ. ಆಸುಪಾಸು. ಎರಡರಲ್ಲೂ ಎತ್ತರ ಕೈಬಿಡುತ್ತದೆ ಎಂಬುದನ್ನು ಮರೆಯಬೇಡಿ. ಇಳಿಜಾರಿನ ಮೇಲ್ತುದಿಯಲ್ಲಿ ತಲೆಗೆ ಎಷ್ಟು ಜಾಗ ಉಳಿಯಿತು ಎಂದು ಅಳೆಯಬೇಕಾದದ್ದು ಅಲ್ಲಿಯೇ. ಷಿಕಾಗೋದ ಮರೀನಾ ಸಿಟಿಯ ಜೋಡಿ ಗೋಪುರಗಳಲ್ಲಿ ಕೆಳಗಿನ 19 ಮಹಡಿ ಕಾರಿಗೆ, ಮೇಲಿನವು ಮನೆಗೆ. ಕಾರಿನ ಆ ಮಹಡಿಗಳು ಒಂದೇ ಸಮನೆ ಸುತ್ತಿ ಏರುವ ಸುರುಳಿ. ಮೇಲೆ ಎಷ್ಟು ಒಳ್ಳೆಯ ಮನೆಗಳಿದ್ದರೂ ಆ ಸುರುಳಿ ಮನೆಯಾಗದು, ಏಕೆಂದರೆ ಅಲ್ಲಿ ಮಟ್ಟವಾದ ನೆಲ ಎಲ್ಲಿಯೂ ಇಲ್ಲ.

ಸಮತಟ್ಟು ಎನಿಸಿಕೊಳ್ಳುವ ಮಹಡಿಗಳೂ ಪೂರ್ತಿ ಸಮತಟ್ಟಲ್ಲ. ಮಳೆ ನೀರು ಹರಿಯಲೆಂದು ಶೇ. 1ರಿಂದ 2ರ ಒಲವು ಬೇಕೆಂದೇ ಕೊಟ್ಟಿರುತ್ತಾರೆ, ಅದೂ ಒಂದೇ ದಿಕ್ಕಿಗಲ್ಲ, ಪ್ರತಿ ಡ್ರೈನಿನ ಕಡೆಗೂ. ನಕ್ಷೆಯನ್ನು ನಂಬದೆ ಒಂದು ಮೀಟರ್ ಚೌಕಕ್ಕೊಂದರಂತೆ ಲೆವೆಲ್ ತೆಗೆಯಿರಿ. ಅಡುಗೆಮನೆಯ ಕಟ್ಟೆ ಕೂರಿಸುವ ದಿನ ತಿಳಿದರೆ ಬಹಳ ತಡವಾಗಿರುತ್ತದೆ.

ಮೂರನೆಯದು ಗಾಳಿ ಬೆಳಕು. ಎರಡೂ ಬದಿ ಕಾರು, ನಡುವೆ ಓಡಾಟದ ದಾರಿ, ಇಷ್ಟಕ್ಕೆ 60 ಅಡಿ, ಅಂದರೆ 18 ಮೀಟರ್ ಬೇಕು. ಇಂಥವು ಎರಡು ಸೇರಿದರೆ ಕಟ್ಟಡದ ಅಗಲ 36 ಮೀಟರ್. ಕಿಟಕಿಯ ಬೆಳಕು ಒಳಗೆ ಬರುವುದು ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರಕ್ಕೆ ಮಾತ್ರ. ಚಾವಣಿ ತಗ್ಗಾಗಿರುವ ಇಂಥ ಕಟ್ಟಡದಲ್ಲಿ ಅದು 5 ಮೀಟರಿಗೇ ಸೋಲುತ್ತದೆ. ಅಡುಗೆ, ಬಚ್ಚಲುಗಳನ್ನು ಒಳಭಾಗಕ್ಕೆ ತಳ್ಳಿದರೂ ಮನೆಯ ಆಳ 8 ಮೀಟರ್ ದಾಟಬಾರದು. ಎರಡೂ ಬದಿ ಎಂಟೆಂಟು ಕಳೆದರೆ ನಡುವೆ 20 ಮೀಟರ್ ಕತ್ತಲೆ ಉಳಿಯಿತು. ಆ ಕತ್ತಲೆಗೆ ಏನು ಮಾಡುತ್ತೀರಿ ಎನ್ನುವುದೇ ಈ ಯೋಜನೆಗಳ ಜೀವಾಳ.

ನಮ್ಮ ಹಳೆಯ ತೊಟ್ಟಿಮನೆಗಳ ಉತ್ತರ ಒಂದಿದೆ: ನಡುವೆ ಅಂಗಳ ತೆರೆಯುವುದು. ಸ್ಲ್ಯಾಬಿನ ನಡುಭಾಗ ಕತ್ತರಿಸಿ ತೆಗೆದರೆ ಬೆಳಕು ಬರುತ್ತದೆ, ಕಟ್ಟಡದ ಭಾರವೂ ಇಳಿಯುತ್ತದೆ. ಆದರೆ ಗಾಳಿ ಮತ್ತು ಭೂಕಂಪದ ಬಲವನ್ನು ಕಂಬಗಳಿಗೆ ಮತ್ತು ಗೋಡೆಗಳಿಗೆ ಹಂಚುವುದು ಇದೇ ಸ್ಲ್ಯಾಬ್. ತೂತು ದೊಡ್ಡದಾದಷ್ಟೂ ಆ ಕೆಲಸ ಸೊರಗುತ್ತದೆ. ಅಂಗಳದ ಸುತ್ತ ಉಕ್ಕಿನ ಚೌಕಟ್ಟು ಅಥವಾ ಅಡ್ಡ ಬಲ ತಡೆಯುವ ಹೊಸ ಶಿಯರ್ ಗೋಡೆ ಕೊಡದೆ ಕತ್ತರಿಸಬಾರದು. ಇನ್ನೊಂದು ಉತ್ತರವನ್ನು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ ನೋಡಬಹುದು. ಅಲ್ಲಿ ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕಟ್ಟಿದ ನೈಟ್ಲಿ ಪಾರ್ಕಿಂಗ್ ಗ್ಯಾರೇಜು ಈಗ 44 ಮನೆಗಳ ಬ್ರಾಡ್‌ವೇ ಆಟೋಪಾರ್ಕ್. ಕಾರನ್ನು ಅವರು ಪೂರ್ತಿ ಹೊರಗಟ್ಟಲಿಲ್ಲ. ನಿವಾಸಿಗಳು ಕಾರಿನಲ್ಲೇ ಮೇಲೇರಿ ತಮ್ಮ ಮನೆ ಬಾಗಿಲ ಬಳಿಯೇ ನಿಲ್ಲಿಸುತ್ತಾರೆ. ಬೆಳಕು ಬೇಕಾದ ಮನೆಗೆ ಕಟ್ಟಡದ ಅಂಚು, ಬೆಳಕು ಬೇಡದ ಕಾರಿಗೆ ಒಳಭಾಗ. ಈ ಹಂಚಿಕೆ ನನಗೆ ತುಂಬ ವಿವೇಕದ್ದು ಎನಿಸುತ್ತದೆ.

ಜಾರ್ಜಿಯ ರಾಜ್ಯದ ಅಟ್ಲಾಂಟಾದಲ್ಲಿ 2014ರಲ್ಲಿ ಸವಾನಾ ಕಲೆ ಮತ್ತು ವಿನ್ಯಾಸ ಕಾಲೇಜು ತನ್ನ ಪಾರ್ಕಿಂಗ್ ಕಟ್ಟಡದಲ್ಲಿ ನಡೆಸಿದ 'ಸ್ಕ್ಯಾಡ್‌ಪ್ಯಾಡ್' ಪ್ರಯೋಗವನ್ನೂ ಜನ ಆಗಾಗ ಉದಾಹರಿಸುತ್ತಾರೆ. ಒಂದೊಂದು ಕಾರಿನ ಜಾಗಕ್ಕೆ 135 ಚದರ ಅಡಿಯ ಒಂದೊಂದು ಪೆಟ್ಟಿಗೆ ಮನೆ, ಒಟ್ಟು ಮೂರು. ವಿದ್ಯಾರ್ಥಿಗಳು ಅವುಗಳಲ್ಲಿ ವಾಸವಿದ್ದು ನೋಡಿದರು. ಕಟ್ಟಡವನ್ನು ಮುಟ್ಟದೆ ಒಳಗೆ ಪೆಟ್ಟಿಗೆ ಇಡುವ ಈ ವಿಧಾನದಿಂದ ಕಲಿಯುವುದಿದೆ. ಆದರೆ ಮೂರು ಪೆಟ್ಟಿಗೆಗೆ ಒಪ್ಪುವ ನೀರು, ಚರಂಡಿ, ಬೆಂಕಿಯ ವ್ಯವಸ್ಥೆ ಮುನ್ನೂರು ಮನೆಗೆ ಒಪ್ಪುವುದಿಲ್ಲ.

ಇಲ್ಲಿಯವರೆಗೆ ಟೇಪು ಹಿಡಿದು ಅಳೆಯಬಹುದಾದದ್ದನ್ನು ಹೇಳಿದೆ. ಈಗ ಕಣ್ಣಿಗೆ ಕಾಣದ್ದು. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಕಾರಿನ ಚಕ್ರಕ್ಕೆ ಮೆತ್ತಿದ ಉಪ್ಪು ಹಿಮ ಪಾರ್ಕಿಂಗಿನೊಳಗೆ ಕರಗಿ ಸ್ಲ್ಯಾಬಿಗೆ ಇಳಿಯುತ್ತದೆ. ಮೂವತ್ತು ನಲವತ್ತು ಚಳಿಗಾಲ ಹೀಗೆ ಕಳೆದರೆ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನೊಳಗಿನ ಸರಳಿನವರೆಗೂ ಮುಟ್ಟಿರುತ್ತದೆ. ಅದು ಸಿಮೆಂಟಿನ ತೂಕದ ಶೇ. 0.4 ದಾಟಿದರೆ ಸರಳು ತುಕ್ಕು ಹಿಡಿಯುವ ಅಪಾಯದ ಗೆರೆ ದಾಟಿದಂತೆ ಎಂದು ಯೂರೋಪಿನಲ್ಲಿ ಲೆಕ್ಕ ಹಿಡಿಯುತ್ತಾರೆ. ಪರೀಕ್ಷೆ ಹೇಗೆಂದರೆ, ಡ್ರಿಲ್ ಮಾಡಿ 0ಯಿಂದ 20, 20ರಿಂದ 40, 40ರಿಂದ 60 ಮಿ.ಮೀ. ಆಳದ ಪುಡಿಯನ್ನು ಬೇರೆ ಬೇರೆಯಾಗಿ ತೆಗೆದು ಲ್ಯಾಬಿಗೆ ಕಳಿಸಬೇಕು. ಎಲ್ಲೆಂದರಲ್ಲಿ ಅಲ್ಲ: ಕಂಬದ ಬುಡ, ಡ್ರೈನಿನ ಸುತ್ತ, ಎಕ್ಸ್‌ಪ್ಯಾನ್ಶನ್ ಜಾಯಿಂಟಿನ (ಕಾಂಕ್ರೀಟ್ ಹಿಗ್ಗಲು ಬಿಟ್ಟ ಸಂದಿನ) ಅಂಚು, ಕಾರು ಒಳಬರುವ ಮಹಡಿ. ಜೊತೆಗೆ ಸರಳಿನ ವಿದ್ಯುತ್ ವಿಭವ ಅಳೆಯುವ ಹಾಫ್ ಸೆಲ್ ಪರೀಕ್ಷೆ. ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿನಲ್ಲಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿನ ಅಂಕಿ ಬಂದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ. 90ಕ್ಕೂ ಹೆಚ್ಚು.

ದುರಸ್ತಿಯಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಚಕ್ಕೆ ಎದ್ದ ಕಡೆಯಷ್ಟೇ ಒಡೆದು ಹೊಸ ಗಾರೆ ತುಂಬುತ್ತಾರೆ. ಎರಡು ಮೂರು ವರ್ಷದಲ್ಲಿ ಆ ತೇಪೆಯ ಸುತ್ತ ಉಂಗುರದಂತೆ ಹೊಸ ಬಿರುಕು ಏಳುತ್ತದೆ. ಕಾರಣ ಇಷ್ಟು: ಮೊದಲು ತುಕ್ಕು ಹಿಡಿಯುತ್ತಿದ್ದ ಜಾಗ ತಾನು ಕರಗುತ್ತ ಪಕ್ಕದ ಸರಳನ್ನು ಕಾಯುತ್ತಿತ್ತು. ಅಲ್ಲಿ ಶುದ್ಧ ಗಾರೆ ತುಂಬಿದ ಮೇಲೆ ಆ ಕಾವಲು ಹೋಯಿತು, ಉಪ್ಪು ತುಂಬಿದ ಹಳೆಯ ಕಾಂಕ್ರೀಟಿನಲ್ಲಿರುವ ಪಕ್ಕದ ಸರಳಿನ ಸರದಿ ಬಂತು. ಆದ್ದರಿಂದ ಸರಳಿನ ಹಿಂದಕ್ಕೂ 20ರಿಂದ 25 ಮಿ.ಮೀ. ಒಡೆಯಬೇಕು. ಹಾರೆ, ಜಾಕ್‌ಹ್ಯಾಮರ್ ಹೊಸ ಬಿರುಕು ಮಾಡುವುದರಿಂದ ಅತಿ ಒತ್ತಡದ ನೀರಿನಿಂದ ಕೊರೆಯುವುದು ಮೇಲು. ಗಾರೆ ತುಂಬುವ ಮೊದಲು ತೇಪೆಯ ಅಂಚಿನುದ್ದಕ್ಕೂ ಸರಳಿನ ಬದಲು ತಾನು ಕರಗುವ ಸತುವಿನ ತುಂಡನ್ನು, ಅಂದರೆ ಆನೋಡನ್ನು, ಸರಳಿಗೆ ಕಟ್ಟಬೇಕು.

ಇದು ಬರೀ ಅಂದದ ಪ್ರಶ್ನೆಯಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ 1965ರ ಪೈಪರ್ಸ್ ರೋ ಕಾರ್ ಪಾರ್ಕಿನ ಮೇಲ್ಮಹಡಿಯ 120 ಟನ್ ಸ್ಲ್ಯಾಬ್ 1997ರ ಮಾರ್ಚ್ 20ರ ನಸುಕಿನಲ್ಲಿ ಕುಸಿದು ಬಿತ್ತು. ಕಂಬದ ತಲೆಯ ಸುತ್ತಲಿನ ಕಾಂಕ್ರೀಟ್ ಹಾಳಾಗಿತ್ತು, ಅಲ್ಲಿ ಹಾಕಿದ್ದ ತೇಪೆ ಹಳೆಯ ಕಾಂಕ್ರೀಟಿನೊಂದಿಗೆ ಒಂದಾಗಿ ಕೆಲಸ ಮಾಡಲಿಲ್ಲ. ಕಂಬ ಸ್ಲ್ಯಾಬನ್ನು ತೂರಿಕೊಂಡಿತು, ಒಂದು ಕಂಬದ ಭಾರ ಪಕ್ಕದ್ದಕ್ಕೆ ಬಿದ್ದು ಅದೂ ಸೋತಿತು. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಲಿಲ್ಲವಾಗಿ ಜೀವ ಉಳಿಯಿತು. ಕಾರು ನಿಲ್ಲುವ ಜಾಗ ರಾತ್ರಿ ಮೂರಕ್ಕೆ ಖಾಲಿ ಇರುತ್ತದೆ, ಮನೆ ಖಾಲಿ ಇರುವುದಿಲ್ಲ. ಚಪ್ಪಟೆ ಸ್ಲ್ಯಾಬಿನ ಕಟ್ಟಡ ಎತ್ತರಕ್ಕೆ ಅನುಕೂಲ ಎಂದೆನಲ್ಲ, ಅದೇ ಕಟ್ಟಡದ ದುರ್ಬಲ ಜಾಗ ಈ ಕಂಬದ ತಲೆ. ಅಲ್ಲಿ ಮೇಲುಹೊದಿಕೆ ಕಿತ್ತು, ಪ್ರತಿ ಕಂಬವನ್ನೂ ಪರೀಕ್ಷಿಸದೆ ಮುಂದುವರಿಯಬಾರದು.

ಇನ್ನು ನೀರು ಮತ್ತು ಬಚ್ಚಲು. ನಮ್ಮಲ್ಲಿ ಬಚ್ಚಲಿಗೆಂದು ತಗ್ಗಿಸಿದ ಸ್ಲ್ಯಾಬ್ (ಸಂಕನ್ ಸ್ಲ್ಯಾಬ್) ಹಾಕುವುದು ರೂಢಿ. ಇರುವ ಸ್ಲ್ಯಾಬನ್ನು ತಗ್ಗಿಸಲಾಗದು, ಆದ್ದರಿಂದ ಬಚ್ಚಲ ನೆಲ ಮೇಲೇಳಲೇಬೇಕು. 110 ಮಿ.ಮೀ. ಪೈಪಿಗೆ 40ಕ್ಕೆ 1ರ ಇಳುವು ಕೊಟ್ಟರೆ, 3 ಮೀಟರ್ ದೂರಕ್ಕೆ 75 ಮಿ.ಮೀ. ಇಳುವು, ಪೈಪಿನ ದಪ್ಪ ಸೇರಿ 185. ಅಂದರೆ 200 ಮಿ.ಮೀ. ಎತ್ತಿದ ನೆಲ ಸಾಕು. ದೂರ 6 ಮೀಟರ್ ಆಯಿತೋ, 260 ಬೇಕು, ಅಷ್ಟು ಎತ್ತರ ನಿಮ್ಮಲ್ಲಿಲ್ಲ. ಹೀಗಾಗಿ ಕಕ್ಕಸು ಲಂಬ ಪೈಪಿನಿಂದ 3 ಮೀಟರ್ ಒಳಗೇ ಇರಬೇಕು, ಮಹಡಿಯಿಂದ ಮಹಡಿಗೆ ಒಂದರ ಮೇಲೊಂದು ಬರಬೇಕು, ನೆಲ ತೂತು ಮಾಡದೆ ಹಿಂಬದಿಯಿಂದ ಹೊರಹೋಗುವ ಗೋಡೆ ತೂಗು ಕಮೋಡ್ ಆಗಬೇಕು. ಮಲವನ್ನು ಅರೆದು ಸಣ್ಣ ಪೈಪಿನಲ್ಲಿ ನೂಕುವ ಪಂಪುಗಳನ್ನು ಮಾರುವವರಿದ್ದಾರೆ. ಒಂದು ಮನೆಗೆ ಸರಿ. ಕರೆಂಟು ಹೋದರೆ ನಿಲ್ಲುವ ಕಕ್ಕಸನ್ನು ನಲವತ್ತು ಮನೆಗೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ತೂತಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ದೊಡ್ಡ ಅಂತರದ ಸ್ಲ್ಯಾಬುಗಳಲ್ಲಿ ಬಹಳಷ್ಟು ಪೋಸ್ಟ್ ಟೆನ್ಶನ್ ಮಾಡಿದವು. ಅವುಗಳೊಳಗೆ ಬಿಗಿಯಾಗಿ ಎಳೆದ ಕೇಬಲ್ ಇರುತ್ತವೆ. 12.7 ಮಿ.ಮೀ. ದಪ್ಪದ ಒಂದು ಎಳೆಯಲ್ಲಿ ಸುಮಾರು 12 ಟನ್ ಸೆಳೆತ. ಸುತ್ತ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬದ, ಗ್ರೀಸ್ ಹಚ್ಚಿದ ಕೇಬಲಾದರೆ ಒಂದು ಕಡೆ ಕಡಿದರೆ ಮಹಡಿಯ ಈ ತುದಿಯಿಂದ ಆ ತುದಿಯವರೆಗೂ ಅದರ ಶಕ್ತಿ ಹೋಯಿತು, ಸಿಡಿದ ತುದಿ ಕೆಲಸಗಾರನಿಗೆ ಬಡಿಯಲೂಬಹುದು. ನಾಲ್ಕಿಂಚಿನ ಕೋರ್ (ದುಂಡು ತೂತು) ಹಾಕುವ ಮುನ್ನವೂ ರೇಡಾರ್ ಸ್ಕ್ಯಾನ್ ಮಾಡಿ, ಕೇಬಲ್ ಓಡಿದ ದಾರಿಯನ್ನು ಸ್ಲ್ಯಾಬಿನ ಮೇಲೂ ಕೆಳಗೂ ಬಣ್ಣದಲ್ಲಿ ಗೆರೆ ಎಳೆದಿಡಿ. ಡಬಲ್ ಟಿ ಕಟ್ಟಡದಲ್ಲಿ ತೂತು ಎರಡು ಕಾಲುಗಳ ನಡುವಿನ ತೆಳು ಭಾಗದಲ್ಲಿ ಮಾತ್ರ, ಕಾಲಿಗೆ ಎಂದೂ ಅಲ್ಲ.

ಬೆಂಕಿಯ ಬಗ್ಗೆ ಒಂದು ಹೋಲಿಕೆ ಸಾಕು. ಬ್ರಿಟನ್ನಿನ ನಿಯಮದಲ್ಲಿ ಪಕ್ಕಗಳು ತೆರೆದಿರುವ ಕಾರ್ ಪಾರ್ಕಿನ ಚೌಕಟ್ಟು 15 ನಿಮಿಷ ಬೆಂಕಿ ತಡೆದರೆ ಸಾಕೆಂದಿತ್ತು. ವಾಸದ ಕಟ್ಟಡಕ್ಕೆ ಎತ್ತರಕ್ಕೆ ತಕ್ಕಂತೆ 60, 90 ನಿಮಿಷ. ಪಕ್ಕಗಳನ್ನು ಮುಚ್ಚಿ ಕಿಟಕಿ ಇಟ್ಟ ದಿನವೇ ಹೊಗೆ ಹೊರಹೋಗುವ ದಾರಿಯೂ ಮುಚ್ಚಿತು. ವಿಚಿಟಾದ ರೀತಿಯಲ್ಲಿ ಕಾರನ್ನು ಒಳಗೇ ಉಳಿಸಿಕೊಂಡರೆ ಇನ್ನೂ ಎಚ್ಚರ ಬೇಕು. ಲಿವರ್‌ಪೂಲ್‌ನಲ್ಲಿ 2017ರ ಡಿಸೆಂಬರ್ 31ರಂದು ಒಂದು ಕಾರಿಗೆ ಹತ್ತಿದ ಬೆಂಕಿ ಇಡೀ ಬಹುಮಹಡಿ ಪಾರ್ಕಿಂಗಿಗೆ ಹಬ್ಬಿ ಸಾವಿರಕ್ಕೂ ಹೆಚ್ಚು ವಾಹನಗಳು ಸುಟ್ಟುಹೋದವು. ಕಾರಿನ ಕಡೆಗೆ ಸ್ಪ್ರಿಂಕ್ಲರ್, ತಾನಾಗಿ ಮುಚ್ಚಿಕೊಳ್ಳುವ ಅಗ್ನಿನಿರೋಧಕ ಬಾಗಿಲು, ಕಾರು ನಿಲ್ಲುವ ಭಾಗವನ್ನು ಹಾಯದೆ ಕೆಳಗಿಳಿಯುವ ಮೆಟ್ಟಿಲು, ಈ ಮೂರರಲ್ಲಿ ಚೌಕಾಸಿ ಬೇಡ.

ನಮ್ಮ ಊರಿನ ಮಾತಿಗೆ ಬರುತ್ತೇನೆ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಇಡೀ ಬಹುಮಹಡಿ ಪಾರ್ಕಿಂಗನ್ನು ಮನೆ ಮಾಡುವ ಪ್ರಶ್ನೆ ಸದ್ಯಕ್ಕಿಲ್ಲ. ಇಲ್ಲಿ ನಡೆಯುವುದು ಇನ್ನೊಂದು: ಅಪಾರ್ಟ್‌ಮೆಂಟಿನ ಸ್ಟಿಲ್ಟ್ ಪಾರ್ಕಿಂಗಿನ (ಕೆಳಮಹಡಿಯಲ್ಲಿ ಬರೀ ಕಂಬಗಳ ನಡುವೆ ಬಿಟ್ಟ ಪಾರ್ಕಿಂಗ್ ಜಾಗದ) ಒಂದು ಮೂಲೆಗೆ ಗೋಡೆ ಎಬ್ಬಿಸಿ ಕೋಣೆ ಮಾಡುವುದು. ಅದು ಪ್ಲ್ಯಾನಿನ ಉಲ್ಲಂಘನೆ ಎಂಬುದು ಹಾಗಿರಲಿ. ಸ್ಟಿಲ್ಟ್ ಜಾಗ ಎಲ್ಲ ನಿವಾಸಿಗಳ ಸಾಮಾನ್ಯ ಸ್ವತ್ತು, ಬಿಲ್ಡರ್ ಅದನ್ನು ಬಿಡಿಯಾಗಿ ಮಾರುವಂತಿಲ್ಲ ಎಂದು ಮುಂಬೈನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದಕ್ಕಿಂತ ದೊಡ್ಡದು ರಚನೆಯ ಅಪಾಯ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಬಹಳ ದೂರದ ಅಹಮದಾಬಾದಿನಲ್ಲೂ ಕಂಬಗಳ ಮೇಲೆ ನಿಂತಿದ್ದ ಹಲವು ಅಪಾರ್ಟ್‌ಮೆಂಟುಗಳು ನೆಲ ಕಚ್ಚಿದವು. ಮೇಲಿನ ಮಹಡಿಗಳು ಗೋಡೆಗಳಿಂದ ಬಿಗಿಯಾಗಿರುತ್ತವೆ, ಕೆಳಗಿನದು ಬರಿಗಾಲಿನಲ್ಲಿ ನಿಂತಿರುತ್ತದೆ. ಕಟ್ಟಡ ಅಲುಗಿದಾಗ ಬಾಗುವುದೆಲ್ಲ ಆ ಒಂದೇ ಮಹಡಿ. "ಹಾಗಾದರೆ ಗೋಡೆ ಕಟ್ಟಿದರೆ ಒಳ್ಳೆಯದೇ ಆಯಿತಲ್ಲ" ಎನ್ನಬೇಡಿ. ಒಂದೇ ಮೂಲೆಗೆ ಕಟ್ಟಿದರೆ ಆ ಕಡೆ ಬಿಗಿಯಾಗಿ, ಈ ಕಡೆ ಸಡಿಲವಾಗಿ ಕಟ್ಟಡ ತಿರುಚಿಕೊಳ್ಳುತ್ತದೆ, ದೂರದ ಮೂಲೆಯ ಕಂಬ ಮೊದಲು ಮುರಿಯುತ್ತದೆ. ಮೇಲೆ ಕಿಟಕಿಗೆಂದು ಬಿಟ್ಟು ಅರ್ಧ ಎತ್ತರಕ್ಕೆ ಕಟ್ಟಿದ ಗೋಡೆ ಕಂಬದ ಕೆಳಭಾಗವನ್ನು ಹಿಡಿದುಕೊಂಡು, ಬಾಗುವುದಕ್ಕೆ ಚೋಟುದ್ದ ಮಾತ್ರ ಉಳಿಸುತ್ತದೆ. ಆ ಚೋಟುದ್ದದ ಭಾಗ ಓರೆಯಾಗಿ ಸೀಳುತ್ತದೆ. ಇದಕ್ಕೆ ಎಂಜಿನಿಯರುಗಳು ಗಿಡ್ಡ ಕಂಬದ ದೋಷ ಎನ್ನುತ್ತಾರೆ. ವಾಚ್‌ಮನ್ ಕುಟುಂಬಕ್ಕೆ ಮನೆ ಬೇಕಾದರೆ ಅದು ಮೊದಲ ನಕ್ಷೆಯಲ್ಲೇ ಬರಬೇಕು.

ನಮಗೆ ನಿಜವಾಗಿ ಅವಕಾಶ ಇರುವುದು ಇನ್ನು ಮುಂದೆ ಕಟ್ಟುವ ಪಾರ್ಕಿಂಗ್ ಕಟ್ಟಡಗಳಲ್ಲಿ. ಅಮೆರಿಕದ ಸಿನ್ಸಿನಾಟಿ ನಗರದ '84.51°' ಎಂಬ ಹೆಸರಿನ ಕಟ್ಟಡದಲ್ಲಿ ಪಾರ್ಕಿಂಗ್ ಮಹಡಿಗಳನ್ನು ಮುಂದೆ ಕಚೇರಿ ಮಾಡಬಹುದಾದ ಹಾಗೆ ಸಮತಟ್ಟಾಗಿ, ಎತ್ತರವಾಗಿ ಕಟ್ಟಿದ್ದಾರೆ. ಕೆನಡಾದ ಕ್ಯಾಲ್ಗರಿಯ 9ನೇ ಅವೆನ್ಯೂ ಪಾರ್ಕೇಡ್ ಕೂಡ ಮುಂದೊಂದು ದಿನ ಬೇರೆ ಬಳಕೆಗೆ ಬರಲಿ ಎಂದೇ ಇಳಿಜಾರನ್ನು ತೀರ ಕಡಿಮೆ ಇಟ್ಟು ರೂಪಿಸಿದ ಕಟ್ಟಡ. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಕಟ್ಟಿದಂಥ ಬಹುಮಹಡಿ ಪಾರ್ಕಿಂಗ್ ಇನ್ನೊಂದು ಬರುವುದಾದರೆ ಕೇಳಬೇಕಾದದ್ದು ಕೆಲವೇ. ನೆಲದಿಂದ ನೆಲಕ್ಕೆ 3.4 ಮೀಟರಿಗೆ ಕಡಿಮೆ ಬೇಡ. ಮಹಡಿಯ ಒಲವು ನೀರು ಹರಿಯುವಷ್ಟು, ಶೇ. 1. ಏರುವ ರಾಂಪ್ ಕಟ್ಟಡದ ಹೊರಮೈಗೆ ಪ್ರತ್ಯೇಕ ಕಂಬಗಳ ಮೇಲೆ ನಿಲ್ಲಲಿ, ಬೇಡವಾದ ದಿನ ಅದೊಂದನ್ನೇ ಕೆಡವಬಹುದು. ಅಗಲ 18 ಮೀಟರಿಗೆ ನಿಲ್ಲಲಿ. ವಿನ್ಯಾಸದ ಭಾರಕ್ಕೆ ಚದರ ಮೀಟರಿಗೆ 150 ಕೆ.ಜಿ. ಹೆಚ್ಚು ಸೇರಿಸಲಿ. ಮುಂದೆ ಡಕ್ಟ್ (ಪೈಪು, ವೈರು ಮೇಲಿನಿಂದ ಕೆಳಗೆ ಹಾಯುವ ದಾರಿ) ಬರುವ ಜಾಗದಲ್ಲಿ ಒಂದು ಮೀಟರ್ ಚೌಕದ ತೂತನ್ನು ಸುತ್ತ ಸರಳು ಕಟ್ಟಿ ಮೊದಲೇ ಬಿಟ್ಟು, ಸದ್ಯಕ್ಕೆ ತೆಗೆಯಬಹುದಾದ ಬಿಲ್ಲೆಯಿಂದ ಮುಚ್ಚಲಿ. ಪೋಸ್ಟ್ ಟೆನ್ಶನ್ ಮಾಡಿದರೆ ಕೇಬಲ್ ನಿಜವಾಗಿ ಎಲ್ಲಿ ಓಡಿದೆ ಎಂಬ ನಕ್ಷೆಯ ಒಂದು ಪ್ರತಿಯನ್ನು ಆ ಕಟ್ಟಡದಲ್ಲೇ, ಎಲೆಕ್ಟ್ರಿಕಲ್ ರೂಮಿನ ಗೋಡೆಗೆ ಹೊಡೆದ ತಗಡಿನ ಪೆಟ್ಟಿಗೆಯಲ್ಲಿ ಇಡಲಿ. ನಲವತ್ತು ವರ್ಷದ ನಂತರ ಡ್ರಿಲ್ ಹಿಡಿದು ಬರುವವರು ಮೊದಲು ಹುಡುಕುವುದು ಆ ಕಾಗದವನ್ನೇ.